ಕಣಿಯ ಎಲೆಗಳೂ ನಾಳಿನ ದಿನವೂ

(ಮನೆಯಲ್ಲಿ ಕೂಡಿ ಓದತಕ್ಕ ವೇದಭಾಗಗಳು: ಅಪೊಸ್ತಲರ ಕೃತ್ಯಗಳು ೧೬:೧೬-೧೯, ಅಪೊಸ್ತಲರ ಕೃತ್ಯಗಳು ೧೯:೧೮-೨೦, ಕೀರ್ತನೆ ೧೧೮)



ನಾಳೆ ಏನಾಗುವದೋ ಎಂದು ತಿಳಿಯಬೇಕೆಂಬ ಆಶೆಯು ಮನುಷ್ಯನಷ್ಟೇ ಹಳೆಯದು. ನಮ್ಮ ಹಳ್ಳಿಗಳಲ್ಲಿ ಮುಂಜಾನೆಯ ಕತ್ತಲಲ್ಲಿ ಬುಡುಬುಡುಕೆಯವನು ಬಂದು ಶಕುನ ನುಡಿಯುವದನ್ನೂ, ಕೊರವಂಜಿಯು ಬುಟ್ಟಿಯನ್ನಿಳಿಸಿ ಅಂಗೈ ಹಿಡಿದು ಕಣಿ ಹೇಳುವದನ್ನೂ, ಸಂತೆಯ ಮೂಲೆಯಲ್ಲಿ ಒಬ್ಬನು ಕವಡೆಗಳನ್ನು ಎಸೆದು ಎಣಿಸುವದನ್ನೂ ನೀವೆಲ್ಲರೂ ಕಂಡವರೇ. ನಾನು ಹುಡುಗನಾಗಿದ್ದಾಗ ತಂದೆಯವರ ಸಂಗಡ ಯಶವಂತಪುರದ ಮಾರುಕಟ್ಟೆಗೆ ಹೋಗುವಾಗ, ಮರದ ನೆರಳಿನಲ್ಲಿ ಗಿಳಿಶಾಸ್ತ್ರದವನು ಕುಳಿತಿರುತ್ತಿದ್ದನು. ಗಿಳಿಯು ಪಂಜರದಿಂದ ಹೊರಗೆ ಬಂದು, ಸಾಲಾಗಿ ಇಟ್ಟ ಎಲೆಗಳಲ್ಲಿ ಒಂದನ್ನು ಕೊಕ್ಕಿನಿಂದೆಳೆದು, ಒಂದು ಕಾಳನ್ನು ಕೂಲಿಯಾಗಿ ತೆಗೆದುಕೊಂಡು ಒಳಗೆ ಹೋಗುವದು. ಎಲೆಯ ಮೇಲೆ ಯಾವದಾದರೂ ಒಂದು ದೇವರ ಚಿತ್ರವಿರುವದು. ಕೆಲವರ ಕಟ್ಟಿನಲ್ಲಿ ಮರಿಯಮ್ಮನ ಚಿತ್ರವೂ ಇರುತ್ತಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಗಿಳಿಗಳನ್ನು ಹೀಗೆ ಪಂಜರದಲ್ಲಿಡುವದು ಅಪರಾಧವಾದದರಿಂದ ಆ ಮನುಷ್ಯರು ಈಗ ಅಪರೂಪವಾಗಿದ್ದಾರೆ. ಆದರೆ ಎಲೆಗಳು ಹೋಗಲಿಲ್ಲ. ಅವು ಬೇರೊಂದು ಹೆಸರಿನಿಂದ ಪಟ್ಟಣಕ್ಕೆ ಬಂದು ಕುಳಿತಿವೆ. ಆ ಹೆಸರು ಟ್ಯಾರೋ ಎಂಬದು.

ಇದನ್ನು ಕುರಿತು ಹಳ್ಳಿಯ ಸಭೆಗಳವರಿಗೆ ಯಾಕೆ ಬರೆಯಬೇಕೆಂದು ಕೆಲವರು ಕೇಳಬಹುದು. ಅದರ ಕಾರಣವನ್ನು ಮೊದಲು ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಸೇರಿರುವದರಿಂದ ಮರೆಮಾಡದೆ ಹೇಳುವದು ನನಗೆ ಕರ್ತವ್ಯವಾಗಿದೆ.

ಯಲಹಂಕದಿಂದ ಉತ್ತರಕ್ಕೆ ಇರುವ ನಮ್ಮ ಹಳ್ಳಿಗಳಲ್ಲಿ ಒಂದರೊಳಗೆ ಸಭೆಗೆ ಸೇರಿದ ಒಂದು ಕುಟುಂಬವುಂಟು. ಮನೆಯ ಯಜಮಾನನು ರಾಗಿಯ ಹೊಲವನ್ನು ಉತ್ತು ಬದುಕಿದವನು. ಆತನಿಗೆ ಹೊಟ್ಟೆಯಲ್ಲಿ ಗಡ್ಡೆಯುಂಟಾಗಿ, ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ, ಬೇಗನೆ ಶಸ್ತ್ರಕ್ರಿಯೆ ಮಾಡಿಸಿಕೊಳ್ಳಬೇಕು, ತಡಮಾಡಿದರೆ ಅಪಾಯವೆಂದು ತಿಳಿಸಿದರು. ದಿನವೂ ಗೊತ್ತಾಯಿತು. ಆತನ ಮಗಳು ಹೆಬ್ಬಾಳದ ಕಡೆ ಬಾಡಿಗೆಯ ಕೋಣೆಯಲ್ಲಿದ್ದುಕೊಂಡು ಕೆಲಸಮಾಡುತ್ತಾಳೆ. ತಂದೆಯ ವಿಷಯದಲ್ಲಿ ಭಯದಿಂದ ನಿದ್ದೆಯಿಲ್ಲದೆ ಇದ್ದ ಆಕೆಯನ್ನು ಜೊತೆಯ ಹುಡುಗಿಯೊಬ್ಬಳು ಟ್ಯಾರೋ ನೋಡುವವರ ಬಳಿಗೆ ಕರೆದುಕೊಂಡು ಹೋದಳು. ಎರಡು ದಿನದ ದುಡಿಮೆಯ ಹಣವನ್ನು ಕೊಟ್ಟು ಆಕೆ ಎಲೆಯನ್ನೆತ್ತಿದಾಗ ಬಂದದ್ದು ಹದಿಮೂರನೆಯ ಎಲೆ: ಬಿಳಿಯ ಕುದುರೆಯ ಮೇಲೆ ಕವಚ ತೊಟ್ಟ ಎಲುಬುಗೂಡು ಕುಳಿತಿರುವ ಚಿತ್ರ, ಅದರ ಕೆಳಗೆ ಮರಣವೆಂದು ಬರೆದಿತ್ತು. ಎಲೆ ನೋಡಿದವರು, ಇದು ಸಾವೆಂದರ್ಥವಲ್ಲ, ಒಂದರ ಅಂತ್ಯವೂ ಇನ್ನೊಂದರ ಆರಂಭವೂ ಎಂದು ಹೇಳಿದರಂತೆ. ಆದರೆ ಹೆದರಿದವರ ಕಿವಿಗೆ ವಿವರಣೆಯು ಮುಟ್ಟುವದಿಲ್ಲ. ಕಣ್ಣಿಗೆ ಕಂಡ ಚಿತ್ರವೇ ಉಳಿಯುತ್ತದೆ. ಆಕೆ ಆ ರಾತ್ರಿಯೇ ಮನೆಗೆ ಫೋನುಮಾಡಿ, ಅಪ್ಪನನ್ನು ಕತ್ತರಿಗೆ ಒಪ್ಪಿಸಬೇಡಿರಿ ಎಂದು ಅತ್ತಳು.

ತಾಯಿಯಾದರೂ ಮಗಳನ್ನು ಸಮಾಧಾನಪಡಿಸಿ ಗಂಡನನ್ನು ಆಸ್ಪತ್ರೆಗೆ ಕರೆದೊಯ್ದಳೋ? ಇಲ್ಲ. ಆಕೆಯ ಬಳಿಯಲ್ಲಿಯೂ ಒಂದು ಎಲೆಯಿತ್ತು. ಡಿಸೆಂಬರ್ ೩೧ರ ರಾತ್ರಿಯ ಆರಾಧನೆಯಲ್ಲಿ ನಾವು ವಾಗ್ದಾನದ ಚೀಟಿಗಳ ಪೆಟ್ಟಿಗೆಯನ್ನು ಸಾಲಾಗಿ ದಾಟಿಸುತ್ತೇವಲ್ಲವೇ? ಆಕೆಯ ಕೈಗೆ ಬಂದ ಚೀಟಿಯಲ್ಲಿ ೧೧೮ನೆಯ ಕೀರ್ತನೆಯ ೧೭ನೆಯ ವಚನವಿತ್ತು. ಕೀರ್ತನೆಗಾರನು, ತಾನು ಸಾಯದೆ ಜೀವದಿಂದಿದ್ದು ಯೆಹೋವನ ಕ್ರಿಯೆಗಳನ್ನು ಸಾರುವದಾಗಿ ಹೇಳುವ ಮಾತದು. ಆಕೆ ಅದಕ್ಕೆ ಚೌಕಟ್ಟು ಹಾಕಿಸಿ ಬಾಗಲ ಮೇಲೆ ತೂಗಹಾಕಿದ್ದಳು. ದೇವರೇ ಬದುಕುವಿರೆಂದು ಬರೆದುಕೊಟ್ಟಿರುವಾಗ ಕತ್ತರಿ ಯಾಕೆ ಬೇಕು ಎಂಬದು ಆಕೆಯ ವಾದ.

ನೋಡಿರಿ, ಪ್ರಿಯರೇ! ಒಂದು ಎಲೆ ಸಾವೆಂದಿತು, ಇನ್ನೊಂದು ಎಲೆ ಬದುಕೆಂದಿತು. ಮಾತು ಎರಡಾದರೂ ಫಲ ಒಂದೇ ಆಯಿತು: ಗೊತ್ತಾದ ದಿನವು ಕಳೆದುಹೋಯಿತು, ಏಳು ವಾರಗಳ ತನಕ ಆ ಮನುಷ್ಯನು ತನ್ನ ಗಡ್ಡೆಯ ಸಂಗಡ ಮನೆಯ ಜಗಲಿಯ ಮೇಲೆ ಕುಳಿತಿದ್ದನು.

ನಾನು ಸುದ್ದಿ ಕೇಳಿ ಅಲ್ಲಿಗೆ ಹೋದೆನು. ಮಗಳೂ ಊರಿಗೆ ಬಂದಿದ್ದಳು. ನಾನು ಕೋಪದಿಂದ, "ಮಗಳೇ, ದೀಕ್ಷಾಸ್ನಾನ ಹೊಂದಿದವಳಾಗಿದ್ದು ಕಣಿ ಕೇಳುವವರ ಬಾಗಲಿಗೆ ಹೋದಿಯಾ?" ಎಂದು ಗದರಿಸಿದೆನು. ಆಕೆ ತಲೆತಗ್ಗಿಸಿಕೊಂಡೇ, "ಉಪದೇಶಿ ಅಯ್ಯನವರೇ, ನಾನು ಒಂದು ಎಲೆ ಎತ್ತಿದ್ದು ನಿಜ. ಅವ್ವನಿಗೆ ಎಲೆ ಎತ್ತಿಸಿದವರು ಯಾರು?" ಎಂದಳು. ನನಗೆ ಉತ್ತರ ಬರಲಿಲ್ಲ. ಆ ದಿನ ನಾನು ಪ್ರಾರ್ಥನೆಮಾಡಿ ಸುಮ್ಮನೆ ಹಿಂತಿರುಗಿದೆನು. ಈ ಪ್ರಸಂಗವು ಆಕೆಗೆ ನಾನು ಕೊಡಬೇಕಾಗಿದ್ದ ಉತ್ತರವಾಗಿದೆ.

ಮೊದಲನೆಯದಾಗಿ, ಈ ಎಲೆಗಳು ಎಲ್ಲಿಂದ ಬಂದವು?

ಇವು ಐಗುಪ್ತದ ಪೂರ್ವಕಾಲದ ಯಾಜಕರು ಬರೆದಿಟ್ಟ ರಹಸ್ಯಗ್ರಂಥದ ಹಾಳೆಗಳೆಂದು ಹೇಳುವದುಂಟು. ಇದು ನಿಜವಲ್ಲ. ಕಾಗದದ ಆಟದೆಲೆಗಳು ಯೂರೋಪಿಗೆ ಬಂದದ್ದು ಹದಿನಾಲ್ಕನೆಯ ಶತಮಾನದ ಕಡೆಯ ಭಾಗದಲ್ಲಿ. ೧೩೭೭ರಲ್ಲಿ ಇಟಲಿಯ ಫ್ಲಾರೆನ್ಸ್ ಪಟ್ಟಣದವರು ಅವುಗಳ ಆಟವನ್ನು ನಿಗ್ರಹಿಸುವದಕ್ಕಾಗಿ ಆಜ್ಞೆ ಹೊರಡಿಸಿದರು. ಐಗುಪ್ತವನ್ನು ಆಳುತ್ತಿದ್ದ ಮಮ್ಲೂಕ ಸುಲ್ತಾನರ ಕಾಲದ ಎಲೆಗಳು ಇಂದಿಗೂ ಇಸ್ತಾಂಬುಲಿನ ಅರಮನೆಯಲ್ಲಿವೆ. ಅವುಗಳಲ್ಲಿ ಬಟ್ಟಲು, ನಾಣ್ಯ, ಕತ್ತಿ, ಕುದುರೆಯ ಮೇಲೆ ಚೆಂಡಾಡುವ ಕೋಲು ಎಂಬ ನಾಲ್ಕು ಗುಂಪುಗಳುಂಟು. ಇಟಲಿಯವರು ಅವನ್ನೇ ತೆಗೆದುಕೊಂಡು, ತಾವು ಕಾಣದ ಚೆಂಡಿನ ಕೋಲನ್ನು ಬರಿಯ ದೊಣ್ಣೆಯಾಗಿ ಬರೆದರು.

ಅನಂತರ ಇಟಲಿಯ ಉತ್ತರಭಾಗದವರು ಈ ಆಟಕ್ಕೆ ೨೨ ಚಿತ್ರದೆಲೆಗಳನ್ನು ಹೊಸದಾಗಿ ಸೇರಿಸಿದರು. ಹೀಗೆ ನಾಲ್ಕು ಗುಂಪುಗಳ ೫೬ ಎಲೆಗಳೂ ಈ ೨೨ ಎಲೆಗಳೂ ಕೂಡಿ ೭೮ ಎಲೆಗಳ ಕಟ್ಟಾಯಿತು. ೧೪೪೦ರ ಸುಮಾರಿನ ಬರಹಗಳಲ್ಲಿ ಇವುಗಳ ಹೆಸರು ಕಾಣಬರುತ್ತದೆ. ಮಿಲಾನಿನ ಪ್ರಭುಗಳು ಚಿನ್ನದ ರೇಕು ಹಚ್ಚಿಸಿ ಬರೆಯಿಸಿದ ಎಲೆಗಳು ಈಗಲೂ ಇವೆ. ಆ ಚಿತ್ರದೆಲೆಗಳಿಗೆ ಅವರು ಇಟ್ಟ ಹೆಸರಿಗೆ ವಿಜಯಗಳು ಎಂದರ್ಥ. ಉಳಿದ ಎಲೆಗಳನ್ನು ಅವು ಗೆಲ್ಲುತ್ತಿದ್ದವು. ನಮ್ಮವರು ಇಸ್ಪೀಟಿನಲ್ಲಿ ತುರುಪು ಎಂದು ಹೇಳುವ ಮಾತು ಸಹ ಆ ಯೂರೋಪಿನ ಮಾತಿನ ಬಳಗಕ್ಕೇ ಸೇರಿದ್ದು.

ಆ ಚಿತ್ರಗಳಲ್ಲಿ ಏನಿದೆಯೆಂದು ನೋಡಿರಿ. ಚಕ್ರವರ್ತಿ, ಪೋಪನು, ರಥ, ನ್ಯಾಯ, ಬಲ, ಮಿತ, ಭಾಗ್ಯದ ಚಕ್ರ, ಮರಣ, ಸೈತಾನನು, ಸೂರ್ಯ, ಚಂದ್ರ, ನಕ್ಷತ್ರ. ಕಡೆಗೆ ದೂತನು ತುತೂರಿ ಊದಲು ಸತ್ತವರು ಸಮಾಧಿಯಿಂದ ಏಳುವ ಕಡೇ ತೀರ್ಪಿನ ಚಿತ್ರ. ಇವು ಐಗುಪ್ತದವುಗಳೋ? ಪೋಪನು ಐಗುಪ್ತದ ಫರೋಹನ ಕಾಲದಲ್ಲಿದ್ದನೋ? ಇವೆಲ್ಲಾ ಆ ದಿನಗಳ ಇಟಲಿಯವರು ದೇವಾಲಯದ ಗೋಡೆಗಳ ಮೇಲೆಯೂ ಹಬ್ಬದ ಮೆರವಣಿಗೆಗಳಲ್ಲಿಯೂ ಕಾಣುತ್ತಿದ್ದ ಚಿತ್ರಗಳೇ. ಈ ೨೨ ಎಲೆಗಳ ಹೆಸರುಗಳನ್ನು ಕ್ರಮವಾಗಿ ಹೇಳುವ ಅತಿ ಹಳೆಯ ಬರಹಗಳಲ್ಲಿ ಒಂದು, ಹದಿನೈದನೆಯ ಶತಮಾನದ ಕಡೆಯಲ್ಲಿ ಇಟಲಿಯ ಸನ್ಯಾಸಿಯೊಬ್ಬನು ಬರೆದ ಪ್ರಸಂಗವು! ಅವನು ಜೂಜಾಟವನ್ನು ಖಂಡಿಸುತ್ತಾ ಪರಿಶುದ್ಧ ಚಿತ್ರಗಳನ್ನು ಜೂಜಿಗೆ ಎಳೆದಿದ್ದಾರೆಂದು ಗದರಿಸುತ್ತಾನೆ. ಇವುಗಳಿಂದ ಕಣಿ ಹೇಳುತ್ತಾರೆಂಬ ಒಂದು ಮಾತನ್ನೂ ಎತ್ತುವದಿಲ್ಲ. ಹಾಗೆ ಮಾಡುವ ವಾಡಿಕೆಯಿದ್ದಿದ್ದರೆ ಅಂಥವನು ಬಿಡುತ್ತಿದ್ದನೋ? ಮುನ್ನೂರು ವರುಷಗಳಿಗಿಂತ ಹೆಚ್ಚುಕಾಲ ಇವು ಮುಖ್ಯವಾಗಿ ಆಟದ ಎಲೆಗಳಾಗಿದ್ದವು. ಫ್ರಾನ್ಸಿನಲ್ಲಿ ಇಂದಿಗೂ ಅನೇಕರು ಇವುಗಳಿಂದ ಬರಿಯ ಆಟವನ್ನೇ ಆಡುತ್ತಾರೆ.

ಹಾಗಾದರೆ ಐಗುಪ್ತದ ಕಥೆ ಹುಟ್ಟಿದ್ದು ಹೇಗೆ? ಇದನ್ನು ಹೇಳುವಾಗ ನಾವು ತಲೆತಗ್ಗಿಸಬೇಕು. ಯಾಕಂದರೆ ಅದನ್ನು ಲೋಕಕ್ಕೆ ಹರಡಿದವನು ನಮ್ಮ ಪ್ರೊಟೆಸ್ಟಂಟರಲ್ಲಿಯೇ ಒಬ್ಬನು. ಫ್ರಾನ್ಸಿನಲ್ಲಿ ಹಿಂಸೆಯ ಕಾಲದಲ್ಲಿ ಚದರಿಹೋದ ಸಭೆಗಳನ್ನು ಜೀವದಾಶೆಯನ್ನು ಬಿಟ್ಟು ಮತ್ತೆ ಕೂಡಿಸಿದ ಅಂತ್ವಾನ್ ಕೂರ್ ಎಂಬ ಸಭಾಪಾಲಕನ ಮಗನಾಗಿ, ತಾನೂ ಪಾಲಕನ ದೀಕ್ಷೆ ಹೊಂದಿದ್ದ ಕೂರ್ ದ ಜೆಬಲನ್ ಎಂಬವನೇ ಅವನು. ಅವನು ಪ್ಯಾರಿಸಿನಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ಈ ಎಲೆಗಳ ಆಟವನ್ನು ನೋಡಿ, ಸ್ವಲ್ಪ ಹೊತ್ತಿನಲ್ಲಿಯೇ, ಇದು ಐಗುಪ್ತದವರ ಜ್ಞಾನಗ್ರಂಥವೆಂದು ನಿಶ್ಚಯಿಸಿ ೧೭೮೧ರಲ್ಲಿ ತನ್ನ ದೊಡ್ಡ ಪುಸ್ತಕದ ಎಂಟನೆಯ ಸಂಪುಟದಲ್ಲಿ ಬರೆದನು. ಟ್ಯಾರೋ ಎಂಬ ಮಾತಿಗೆ ಐಗುಪ್ತ ಭಾಷೆಯಲ್ಲಿ ರಾಜಮಾರ್ಗವೆಂದರ್ಥವೆಂದೂ ಹೇಳಿದನು. ಆದರೆ ಆ ದಿನ ಐಗುಪ್ತದ ಚಿತ್ರಲಿಪಿಯನ್ನು ಓದಬಲ್ಲವನು ಭೂಮಿಯ ಮೇಲೆ ಒಬ್ಬನೂ ಇರಲಿಲ್ಲ! ಶಾಂಪೋಲಿಯೋನ್ ಎಂಬ ಪಂಡಿತನು ಅದನ್ನು ಓದುವ ದಾರಿಯನ್ನು ಪ್ರಕಟಿಸಿದ್ದು ೧೮೨೨ರಲ್ಲಿ, ಅಂದರೆ ೪೧ ವರುಷಗಳ ತರುವಾಯ. ಓದುವದಕ್ಕೆ ಬಂದ ಮೇಲೆ ಅಂಥ ಅರ್ಥವಾಗಲಿ ಅಂಥ ಗ್ರಂಥವಾಗಲಿ ಅಲ್ಲಿ ಸಿಕ್ಕಲಿಲ್ಲ.

ಬಿತ್ತಿದ ಕಳೆ ಮಾತ್ರ ಬೆಳೆಯಿತು. ಕೆಲವೇ ವರುಷಗಳಲ್ಲಿ ಎತ್ತೇಲಾ ಎಂದು ತನ್ನ ಹೆಸರನ್ನು ತಿರುಗಿಸಿಕೊಂಡ ಒಬ್ಬ ಪ್ಯಾರಿಸಿನವನು ಈ ಎಲೆಗಳಿಂದ ಕಣಿ ಹೇಳುವ ಪುಸ್ತಕವನ್ನು ಅಚ್ಚುಹಾಕಿಸಿ ಅದನ್ನೇ ಜೀವನೋಪಾಯ ಮಾಡಿಕೊಂಡನು. ೧೮೫೦ರ ತರುವಾಯ ಎಲಿಫಾಸ್ ಲೇವಿ ಎಂಬವನು ೨೨ ಎಲೆಗಳನ್ನು ಇಬ್ರಿಯ ಭಾಷೆಯ ೨೨ ಅಕ್ಷರಗಳಿಗೆ ಗಂಟುಹಾಕಿದನು. ೧೯೦೯ರಲ್ಲಿ ಲಂಡನಿನಲ್ಲಿ ವೇಟ್ ಎಂಬವನ ಮಾತಿನ ಮೇರೆಗೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಚಿತ್ರಕಾರ್ತಿಯು ೭೮ ಎಲೆಗಳನ್ನೂ ಹೊಸದಾಗಿ ಬರೆದಳು. ನಮ್ಮ ಸಹೋದರಿ ಕಂಡ ಬಿಳಿಯ ಕುದುರೆಯ ಮರಣವು ಆಕೆ ಬರೆದದ್ದೇ. ೧೯೮೦ರಲ್ಲಿ ಮೈಕೆಲ್ ಡಮ್ಮೆಟ್ ಎಂಬ ಇಂಗ್ಲಿಷ್ ತತ್ತ್ವಶಾಸ್ತ್ರಜ್ಞನು ಹಳೆಯ ದಾಖಲೆಗಳನ್ನೆಲ್ಲಾ ಶೋಧಿಸಿ, ಇವು ಆಟಕ್ಕಾಗಿಯೇ ಹುಟ್ಟಿದ ಎಲೆಗಳೆಂದು ದೊಡ್ಡ ಗ್ರಂಥದಲ್ಲಿ ಸ್ಥಾಪಿಸಿದನು.

ನಮ್ಮ ನಾಡಿನಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ಪಾರಸಿಕದ ಕಡೆಯಿಂದ ಬಂದ ಗಂಜೀಫಾ ಎಂಬ ಎಲೆಗಳ ಕಟ್ಟನ್ನು ಬಾಬರ್ ಬಾದಶಹನು ೧೫೨೭ರಲ್ಲಿ ಸಿಂಧದ ಸ್ನೇಹಿತನಿಗೆ ಕಳುಹಿಸಿದನೆಂದು ಅವನ ದಿನಚರಿಯಲ್ಲಿದೆ. ಮೊಗಲರ ಕಟ್ಟಿನಲ್ಲಿ ೯೬ ಎಲೆಗಳು. ಹಿಂದೂಗಳ ದಶಾವತಾರದ ಕಟ್ಟಿನಲ್ಲಿ ೧೨೦ ಎಲೆಗಳು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮) ಇದರಲ್ಲಿ ಬಹು ಆಸಕ್ತರಾಗಿ, ಹೊಸ ಹೊಸ ಆಟಗಳನ್ನು ಕಲ್ಪಿಸಿ, ಶ್ರೀತತ್ತ್ವನಿಧಿಯ ಕಡೆಯ ಭಾಗವಾದ ಕೌತುಕನಿಧಿಯಲ್ಲಿ ಹದಿಮೂರು ಬಗೆಯ ಆಟಗಳನ್ನು ವಿವರಿಸಿದ್ದಾರೆ. ಆ ಎಲೆಗಳ ಮೇಲೆ ದೇವದೇವತೆಗಳ ಚಿತ್ರಗಳುಂಟು. ನವಗ್ರಹಗಳ ಹೆಸರಿನ ಆಟವೂ ಉಂಟು. ಆದರೂ ಅವು ಅರಮನೆಯ ವಿನೋದಕ್ಕಾಗಿ ಮಾಡಿದವುಗಳೇ. ಮೈಸೂರಿನ ಚಿತ್ರಗಾರನು ತಾನು ಬಲ್ಲ ಚಿತ್ರವನ್ನು ಬರೆದನು. ಮಿಲಾನಿನ ಚಿತ್ರಗಾರನೂ ತಾನು ಬಲ್ಲ ಚಿತ್ರವನ್ನು ಬರೆದನು. ಮೈಸೂರಿನ ಎಲೆಯು ಆಟದೆಲೆಯಾಗಿಯೂ ಕುಶಲವಿದ್ಯೆಯಾಗಿಯೂ ಉಳಿಯಿತು. ಮಿಲಾನಿನ ಎಲೆಗೆ ಮನುಷ್ಯರು ಬಾಯಿ ಇಟ್ಟರು. ಚಿತ್ರಕ್ಕೆ ತನ್ನದಾದ ಬಾಯಿಲ್ಲ, ಪ್ರಿಯರೇ; ಬಾಯಿ ಕೊಟ್ಟವನು ಯಾರು, ಯಾಕೆ ಕೊಟ್ಟನು ಎಂಬದನ್ನೇ ವಿಚಾರಿಸತಕ್ಕದ್ದು.

ಎರಡನೆಯದಾಗಿ, ಈ ಎಲೆಗಳ ಮಾತು ನಮಗೆ ತಕ್ಕದ್ದಾಗಿ ತೋರುವದು ಯಾಕೆ?

ಕಣಿ ಕೇಳಿದವರು, "ನನ್ನ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದರು" ಎಂದು ಆಶ್ಚರ್ಯಪಡುತ್ತಾರೆ. ೧೯೪೮ರಲ್ಲಿ ಅಮೆರಿಕದ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರದ ಉಪಾಧ್ಯಾಯನು ತನ್ನ ೩೯ ವಿದ್ಯಾರ್ಥಿಗಳನ್ನು ಪರೀಕ್ಷಿಸಿದವನಂತೆ ಮಾಡಿ, ಒಬ್ಬೊಬ್ಬನಿಗೂ ಅವನ ಗುಣಸ್ವಭಾವವಿದು ಎಂದು ಒಂದೊಂದು ಕಾಗದವನ್ನು ಕೊಟ್ಟನು. ಅವರು ಅದು ಎಷ್ಟು ಸರಿಯೆಂದು ಅಂಕ ಕೊಟ್ಟಾಗ, ಸರಾಸರಿ ಐದಕ್ಕೆ ನಾಲ್ಕಕ್ಕಿಂತಲೂ ಹೆಚ್ಚಾಯಿತು. ಆ ಮೇಲೆ ತಿಳಿದುಬಂದದ್ದೇನಂದರೆ, ಎಲ್ಲರ ಕಾಗದವೂ ಒಂದೇ! ಅದರ ಮಾತುಗಳನ್ನು ಅವನು ಬಹುಮಟ್ಟಿಗೆ ಅಂಗಡಿಯಲ್ಲಿ ಮಾರುವ ಜ್ಯೋತಿಷದ ಪುಸ್ತಕದಿಂದ ಕೂಡಿಸಿದ್ದನು. ನಿಮ್ಮ ಶ್ರಮಕ್ಕೆ ತಕ್ಕ ಮರ್ಯಾದೆ ದೊರೆಯಲಿಲ್ಲ, ಮನಸ್ಸಿನಲ್ಲಿ ಒಂದು ಚಿಂತೆಯಿದೆ, ಹತ್ತಿರದವರೊಬ್ಬರು ನಿಮ್ಮನ್ನು ಅರಿಯಲಿಲ್ಲ ಎಂದರೆ, ನಮ್ಮ ಸಂತೆಯಲ್ಲಿ ನಿಂತಿರುವವರಲ್ಲಿ ಯಾರು ಅಲ್ಲವೆಂದಾರು? ಎಲ್ಲರ ಕಾಲಿಗೂ ಹಿಡಿಸುವ ಕೆರವು ಯಾರ ಕಾಲಿನ ಅಳತೆಯದೂ ಅಲ್ಲ.

ಇನ್ನೊಂದನ್ನು ಫಿಲಿಪ್ಪಿಯ ಸಂಗತಿಯಿಂದ ಕಲಿಯೋಣ. ಆ ಪಟ್ಟಣದಲ್ಲಿ ಕಣಿ ಹೇಳುವ ಆತ್ಮವಿದ್ದ ಒಬ್ಬ ದಾಸಿಯಿದ್ದಳು. ಆಕೆಯ ನುಡಿಯಿಂದ ಬಂದ ಲಾಭವು ಆಕೆಯ ಕೈಸೇರದೆ ಯಜಮಾನರ ಕೈಸೇರುತ್ತಿತ್ತು. ಪೌಲನು ಆಕೆಯನ್ನು ಬಿಡಿಸಿದಾಗ ಆ ಯಜಮಾನರು ಸಂತೋಷಪಡಲಿಲ್ಲ. ತಮ್ಮ ಸಂಪಾದನೆಯ ನಿರೀಕ್ಷೆ ಹೋಯಿತೆಂದು ಅವನನ್ನು ಚಾವಡಿಗೆ ಎಳೆದರು. ಗಿಳಿಗೆ ಒಂದು ಕಾಳು, ದಾಸಿಗೆ ಒಂದು ತುತ್ತು, ಯಜಮಾನನಿಗೆ ಹಣ. ಭಯವೆಂಬದು ಇಂದಿಗೂ ಒಳ್ಳೇ ಬೆಲೆಗೆ ಮಾರುವ ಸರಕು. ನಾನು ಇದನ್ನು ಬುಡುಬುಡುಕೆಯವನನ್ನಾಗಲಿ ಕೊರವಂಜಿಯನ್ನಾಗಲಿ ಹೀನೈಸುವದಕ್ಕಾಗಿ ಬರೆಯುವದಿಲ್ಲ. ಅವರು ಬಡವರು, ಬಾಗಲಿಗೆ ಬಂದರೆ ಅನ್ನವಿಕ್ಕಿರಿ. ಪೌಲನು ದಾಸಿಯ ಮೇಲೆ ಸಿಟ್ಟಾಗದೆ ಆಕೆಯನ್ನು ಕಟ್ಟಿದ್ದ ಆತ್ಮದ ಮೇಲೆ ಸಿಟ್ಟಾದನೆಂಬದನ್ನು ಮರೆಯಬೇಡಿರಿ.

ಮೂರನೆಯದಾಗಿ, ನಮ್ಮ ಪೆಟ್ಟಿಗೆಯ ಚೀಟಿಗಳ ಮಾತೇನು?

ಇಲ್ಲಿಯೇ ಆ ಮಗಳ ಪ್ರಶ್ನೆಯು ನನ್ನನ್ನು ಹಿಡಿಯಿತು. ಧರ್ಮೋಪದೇಶಕಾಂಡದ ೧೮ನೆಯ ಅಧ್ಯಾಯದಲ್ಲಿ ಕಣಿ ಕೇಳುವದೂ ಶಕುನ ನೋಡುವದೂ ದೇವಜನರಿಗೆ ನಿಷಿದ್ಧವೆಂದು ನಾವು ಬಲ್ಲೆವು. ಯೆಹೆಜ್ಕೇಲನ ೨೧ನೆಯ ಅಧ್ಯಾಯದಲ್ಲಿ ಬಾಬೆಲಿನ ಅರಸನು ದಾರಿ ಎರಡಾಗಿ ಒಡೆಯುವ ಸ್ಥಳದಲ್ಲಿ ನಿಂತು ಬಾಣಗಳನ್ನು ಅಲ್ಲಾಡಿಸಿ ಎತ್ತುವದನ್ನು ಓದಿದ್ದೇವೆ. ಹೀಗಿರುವಲ್ಲಿ ಬಾಣವನ್ನು ಬಿಟ್ಟು ವಚನವನ್ನು ಎತ್ತಿದರೆ ಪಾಪವು ಪುಣ್ಯವಾಗುವದೋ? ಇದು ಹೊಸ ಪ್ರಶ್ನೆಯಲ್ಲ. ೫೦೬ರಲ್ಲಿ ಈಗಿನ ಫ್ರಾನ್ಸಿನ ಅಗ್ದ್ ಎಂಬ ಊರಿನಲ್ಲಿ ಕೂಡಿದ ಸಭಾಧ್ಯಕ್ಷರು, ಪವಿತ್ರ ಗ್ರಂಥವನ್ನು ತೆರೆದು ಅದರಿಂದ ಮುಂದಾಗುವದನ್ನು ನೋಡುವವರನ್ನು ಸಭೆಯಿಂದ ಹೊರಗಿಡಬೇಕೆಂದು ನೇಮಿಸಿದರು. ಕಣ್ಣುಮುಚ್ಚಿ ಸತ್ಯವೇದವನ್ನು ತೆರೆದು ಬೆರಳಿಟ್ಟು, ಮಗಳ ಸಂಬಂಧ ಆಗುವದೋ ಇಲ್ಲವೋ ಎಂದು ನೋಡುವವರು ನಮ್ಮಲ್ಲಿ ಇಲ್ಲವೇ?

ಚೀಟು ಹಾಕುವದೆಲ್ಲಾ ಪಾಪವೆಂದು ನಾನು ಹೇಳುವದಿಲ್ಲ. ಅಪೊಸ್ತಲರು ಪ್ರಾರ್ಥಿಸಿ ಚೀಟು ಹಾಕಿ ಮತ್ತೀಯನನ್ನು ಆರಿಸಿದರು. ಮಡಿಲಲ್ಲಿ ಹಾಕಿದ ಚೀಟಿನ ತೀರ್ಮಾನವು ಯೆಹೋವನದೆಂದು ಜ್ಞಾನೋಕ್ತಿಗಳ ೧೬ನೆಯ ಅಧ್ಯಾಯವು ತಿಳಿಸುತ್ತದೆ. ಆದರೆ ಅವರು ಮಾಡಿದ್ದೇನು? ಇಬ್ಬರು ತಕ್ಕವರನ್ನು ಮೊದಲು ವಿಚಾರಿಸಿ ನಿಲ್ಲಿಸಿ, ತೀರ್ಮಾನವನ್ನು ದೇವರಿಗೆ ಬಿಟ್ಟುಕೊಟ್ಟರು. ಬಿಟ್ಟುಕೊಡುವದು ಬೇರೆ, ಕದ್ದು ಇಣಿಕಿನೋಡುವದು ಬೇರೆ. ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನ ಮೊರೇವಿಯ ಸಭೆಯವರು ೧೭೩೧ರಿಂದ ವರುಷ ವರುಷ ದಿನಕ್ಕೊಂದು ವಚನವುಳ್ಳ ಪುಸ್ತಕವನ್ನು ಅಚ್ಚುಹಾಕಿಸುತ್ತಾ ಬಂದಿದ್ದಾರೆ. ವಚನಗಳನ್ನು ಚೀಟು ಎತ್ತಿಯೇ ಆರಿಸುತ್ತಾರೆ. ಆದರೆ ಅದು ಆ ದಿನ ಸಭೆಯವರೆಲ್ಲರಿಗೂ ಒಂದೇ ವಚನ: ಧ್ಯಾನಿಸುವದಕ್ಕೂ ನಡೆಯುವದಕ್ಕೂ ಕೊಟ್ಟದ್ದು, ಇವನಿಗೆ ಭಾಗ್ಯ, ಅವಳಿಗೆ ನಷ್ಟವೆಂದು ಹಂಚಿದ್ದಲ್ಲ.

ನಮ್ಮ ಪೆಟ್ಟಿಗೆಯು ಹಾಗಿರಲಿಲ್ಲ. ನಾನು ಅರಿಕೆಮಾಡುತ್ತೇನೆ: ಕೆಲವು ವರುಷಗಳ ಹಿಂದೆ ಒಬ್ಬ ವಿಧವೆಗೆ ಗದರಿಕೆಯ ವಚನ ಬಂದು ಆಕೆ ಅತ್ತದ್ದನ್ನು ನೋಡಿ, ಆ ಮೇಲೆ ಡಿಸೆಂಬರ್ ತಿಂಗಳಲ್ಲಿ ನಾನೇ ಕುಳಿತು ಕಠಿಣವಾದ ವಚನಗಳ ಚೀಟಿಗಳನ್ನೆಲ್ಲಾ ಆರಿಸಿ ತೆಗೆದಿಡುತ್ತಿದ್ದೆನು. ಲೋಕದಲ್ಲಿ ನಿಮಗೆ ಸಂಕಟವುಂಟೆಂದು ಯೇಸು ಶಿಷ್ಯರಿಗೆ ಹೇಳಿದ ಮಾತು (ಯೋಹಾನ ೧೬:೩೩) ನಮ್ಮ ಪೆಟ್ಟಿಗೆಯಲ್ಲಿ ಇರಲಿಲ್ಲ. ಶಿಲುಬೆಯನ್ನು ಹೊತ್ತುಕೊಂಡು ಬರಬೇಕೆಂಬ ಮಾತು ಇರಲಿಲ್ಲ. ಎಲ್ಲಾ ಸಿಹಿಯಾಗಿತ್ತು. ಕಣಿ ಹೇಳುವವನಾದರೂ ಒಮ್ಮೊಮ್ಮೆ ಕೆಟ್ಟದ್ದನ್ನು ಹೇಳುವನು. ನಾನು ಅಷ್ಟನ್ನೂ ಮಾಡಲಿಲ್ಲ. ದೇವರ ವಾಕ್ಯವನ್ನು ನಾನು ಎಲೆಯ ಕಟ್ಟಾಗಿ ಮಾಡಿದೆನು. ಒಂದು ಮನೆಯ ಯಜಮಾನನು ಏಳು ವಾರ ಜಗಲಿಯ ಮೇಲೆ ಕೂಡ್ರುವಂತಾಯಿತು.

ಕಡೆಯದಾಗಿ, ಆ ತಾಯಿಯ ಚೀಟಿಯಲ್ಲಿದ್ದ ವಚನವನ್ನೇ ತೆಗೆದುಕೊಳ್ಳೋಣ.

ಒಂದು ವಾರ ಕಳೆದು ನಾನು ತಿರಿಗಿ ಆ ಮನೆಗೆ ಹೋಗಿ, ಮೊದಲು ನನ್ನ ತಪ್ಪನ್ನು ಹೇಳಿ ಕ್ಷಮಾಪಣೆ ಕೇಳಿಕೊಂಡೆನು. ಆ ಮೇಲೆ ಚೌಕಟ್ಟನ್ನು ಕೆಳಗಿಳಿಸಿ, ೧೧೮ನೆಯ ಕೀರ್ತನೆಯನ್ನು ಮೊದಲಿನಿಂದ ಕಡೆಯ ತನಕ ಎಲ್ಲರೂ ಕೇಳುವಂತೆ ಓದಿದೆನು. ಅದು ದೊಡ್ಡ ಇಕ್ಕಟ್ಟಿನಿಂದ ಬಿಡುಗಡೆಯಾದವನು ದೇವಾಲಯದ ಬಾಗಲಿಗೆ ಬಂದು ಹಾಡುವ ಸ್ತೋತ್ರವು. ಯೆಹೋವನು ತನ್ನನ್ನು ಕಠಿಣವಾಗಿ ಶಿಕ್ಷಿಸಿದನೆಂಬದು ಅದರ ಮಾರನೆಯ ವಚನದಲ್ಲಿಯೇ ಇದೆ. ಚೀಟಿಯನ್ನು ಕತ್ತರಿಸಿದವರು ಅದನ್ನು ಬಿಟ್ಟಿದ್ದರು. ಇನ್ನೂ ಒಂದು ಸಂಗತಿಯನ್ನು ಗಮನಿಸಿರಿ. ಯೆಹೂದ್ಯರು ಪಸ್ಕದ ಊಟದಲ್ಲಿ ೧೧೩ರಿಂದ ೧೧೮ರ ವರೆಗಿನ ಕೀರ್ತನೆಗಳನ್ನು ಹಾಡುವ ವಾಡಿಕೆಯುಂಟು, ಇದೇ ಕಡೆಯದು. ನಮ್ಮ ಕರ್ತನೂ ಶಿಷ್ಯರೂ ಆ ರಾತ್ರಿ ಊಟವಾದ ಮೇಲೆ ಕೀರ್ತನೆ ಹಾಡಿ ಎಣ್ಣೇಮರಗಳ ಗುಡ್ಡಕ್ಕೆ ಹೊರಟರೆಂದು ಮತ್ತಾಯನು ಬರೆದಿದ್ದಾನೆ (೨೬:೩೦). ಸಾಯದೆ ಬದುಕುವೆನೆಂಬ ಈ ಕೀರ್ತನೆಯನ್ನು ನಾಲಿಗೆಯ ಮೇಲಿಟ್ಟುಕೊಂಡೇ ಕರ್ತನು ಗೆತ್ಸೇಮನೆಗೆ ಹೋದನು. ಮರುದಿನ ಮಧ್ಯಾಹ್ನದ ಮೇಲೆ ಆತನು ಸತ್ತನು. ವಚನವು ಸುಳ್ಳಾಯಿತೋ? ಇಲ್ಲ, ಮೂರನೆಯ ದಿನದಲ್ಲಿ ಅದು ಯಾರೂ ನೆನಸದಷ್ಟು ನಿಜವಾಯಿತು. ಆದರೆ ಈ ವರುಷ ನಿನಗೆ ಸಾವಿಲ್ಲವೆಂದು ಬರೆದುಕೊಟ್ಟ ಮುಚ್ಚಳಿಕೆಯಾಗಿ ಕರ್ತನು ಅದನ್ನು ಹಾಡಲಿಲ್ಲ. ಸಾವಿನ ಬಾಗಲಲ್ಲಿ ತಂದೆಯ ಕೈಯನ್ನು ಹಿಡಿದುಕೊಂಡು ಹಾಡಿದನು.

ನಾನು ಓದಿ ಮುಗಿಸಿದ ಮೇಲೆ ಯಾರೂ ಮಾತಾಡಲಿಲ್ಲ. ಕಡೆಗೆ ಅದುವರೆಗೆ ಯಾರೂ ಒಂದು ಮಾತೂ ಕೇಳದೆ ಇದ್ದ ಆ ಯಜಮಾನನೇ ಬಾಯಿಬಿಟ್ಟು, "ಅಯ್ಯನವರೇ, ಮಗಳ ಎಲೆಯೂ ನನ್ನ ಹೊಟ್ಟೆ ನೋಡಲಿಲ್ಲ, ಇವಳ ಚೀಟಿಯೂ ನನ್ನ ಹೊಟ್ಟೆ ನೋಡಲಿಲ್ಲ. ಆಸ್ಪತ್ರೆಯವರು ನೋಡಿದ್ದಾರೆ. ಬದುಕಿದರೆ ರಾಗಿ ಬಿತ್ತುತ್ತೇನೆ; ಹೋದರೆ ಆತನ ಬಳಿಗೇ ಹೋಗುತ್ತೇನೆ. ನಾಳೆ ಬಸ್ಸಿಗೆ ಹೊರಡೋಣ" ಎಂದನು. ಹೆಂಡತಿಯೂ ಮಗಳೂ ಆತನ ಎರಡು ಕಡೆಗಳಲ್ಲಿ ಕುಳಿತು ಅತ್ತರು. ಮರುದಿನ ನಾವೆಲ್ಲರೂ ಯಲಹಂಕದ ದಾರಿಯಾಗಿ ಆಸ್ಪತ್ರೆಗೆ ಹೋದೆವು. ಶಸ್ತ್ರಕ್ರಿಯೆಯು ನಡೆಯಿತು.

ಅದರ ಫಲವೇನಾಯಿತೆಂದು ನಾನು ಇಲ್ಲಿ ಬರೆಯೆನು. ಬರೆದರೆ, ಆತನು ಬದುಕಿದನು, ಆದಕಾರಣ ಉಪದೇಶಿಯ ಮಾತು ನಿಜ ಎಂದಾಗಲಿ, ಸತ್ತನು, ಆದಕಾರಣ ಎಲೆಯ ಮಾತು ನಿಜ ಎಂದಾಗಲಿ ನೀವು ಅದನ್ನೂ ಒಂದು ಶಕುನವಾಗಿ ಮಾಡಿಕೊಳ್ಳುವಿರಿ. ಆ ಮನುಷ್ಯನು ಬಸ್ಸು ಹತ್ತಿದಾಗ ಫಲವು ಆತನಿಗೆ ತಿಳಿದಿರಲಿಲ್ಲ. ತಿಳಿಯದೆ ಹತ್ತಿದನು; ಅದೇ ನಂಬಿಕೆ. ಅಬ್ರಹಾಮನು ತಾನು ಹೋಗುವ ಸ್ಥಳವನ್ನು ತಿಳಿಯದೆ ಹೊರಟನೆಂದು ಇಬ್ರಿಯರಿಗೆ ಬರೆದ ಪತ್ರಿಕೆಯ ೧೧ನೆಯ ಅಧ್ಯಾಯವು ಹೇಳುತ್ತದಲ್ಲವೇ?

ಎಫೆಸದ ವಿಶ್ವಾಸಿಗಳು ತಮ್ಮ ಮಾಟದ ಪುಸ್ತಕಗಳನ್ನು ತಂದು ಎಲ್ಲರ ಮುಂದೆ ಸುಟ್ಟರು. ಬೆಲೆ ಎಣಿಸಿದಾಗ ಐವತ್ತು ಸಾವಿರ ಬೆಳ್ಳಿ ನಾಣ್ಯಗಳಾಯಿತು. ಆ ನಾಣ್ಯ ಒಂದೊಂದನ್ನು ಒಂದು ದಿನದ ಕೂಲಿಯೆಂದು ಎಣಿಸಿದರೆ, ಒಬ್ಬ ಆಳು ನೂರೈವತ್ತು ವರುಷಕ್ಕಿಂತಲೂ ಹೆಚ್ಚುಕಾಲ ದುಡಿಯಬೇಕಾದ ಹಣವದು. ಅವರನ್ನು ಯಾರೂ ಬಲಾತ್ಕರಿಸಲಿಲ್ಲ. ಅವರು ಬೇರೆಯವರ ಮನೆಯ ಪುಸ್ತಕಗಳನ್ನು ಹುಡುಕಿ ಸುಡಲಿಲ್ಲ. ತಮ್ಮ ತಪ್ಪುಗಳನ್ನು ಅರಿಕೆಮಾಡಿ ತಮ್ಮವುಗಳನ್ನೇ ತಂದರು. ಆದಕಾರಣ ನಾವೂ ನೆರೆಯವರ ಗಿಳಿಯನ್ನು ಕುರಿತು ಮಾತಾಡುವದಕ್ಕಿಂತ ಮುಂಚೆ ನಮ್ಮ ಪೆಟ್ಟಿಗೆಯನ್ನು ನೋಡಿಕೊಳ್ಳೋಣ. ಬರುವ ಡಿಸೆಂಬರ್ ೩೧ರ ರಾತ್ರಿ ನಮ್ಮ ಸಭೆಗಳಲ್ಲಿ ಚೀಟಿಯ ಪೆಟ್ಟಿಗೆಯು ಇರುವದಿಲ್ಲ. ಅದಕ್ಕೆ ಬದಲಾಗಿ ಒಂದು ಕೀರ್ತನೆಯನ್ನು ಇಡೀ ಓದಿ, ಎಲ್ಲರಿಗೂ ಅದೊಂದನ್ನೇ ಕೊಟ್ಟು, ವರುಷದಲ್ಲಿ ಬಾಯಿಪಾಠ ಮಾಡಿಸುವೆವು. ಓದಲಾರದ ತಾಯಂದಿರಿಗೆ ಮಕ್ಕಳು ಓದಿ ಹೇಳಲಿ.

ಭಯವುಳ್ಳವರೇ, ನಿಮ್ಮ ಭಯವನ್ನು ಎಲೆಗಳ ಬಳಿಗೆ ಒಯ್ಯಬೇಡಿರಿ. ಸಭೆಯ ಹಿರಿಯರ ಬಳಿಗೆ ತನ್ನಿರಿ, ಕೂಡಿ ಪ್ರಾರ್ಥಿಸೋಣ. ರೋಗವಿದ್ದರೆ ವೈದ್ಯರ ಬಳಿಗೆ ಹೋಗಿರಿ, ನಾವು ಜೊತೆಯಲ್ಲಿ ಬರುವೆವು. ನಾಳಿನ ದಿನವನ್ನು ತಿಳಿಸೆಂದು ದೇವರನ್ನು ಕೇಳುವದಕ್ಕಿಂತ, ನಾಳಿನ ದಿನದಲ್ಲಿ ನಮ್ಮ ಸಂಗಡ ಇರೆಂದು ಕೇಳಿರಿ. ಮೊದಲನೆಯದನ್ನು ಆತನು ಮರೆಮಾಡಿದ್ದಾನೆ. ಎರಡನೆಯದನ್ನು ಬೇಡಿದ ಯಾರಿಗೂ ಆತನು ಇಲ್ಲವೆಂದು ಹೇಳಲಿಲ್ಲ.

ಆತನ ಕೃಪೆಯು ನಿಮ್ಮೆಲ್ಲರ ಮನೆಗಳಲ್ಲಿ ನೆಲೆಸಿರಲಿ. ಆಮೆನ್.